ಕಳ್ಳ ಕುಬಸದ ನಲವತ್ತು ದಿನ

ಆಗ ನನಗೆ ಇಪ್ಪತ್ತೊಂದು. ಅದಾಗಿ ಐವತ್ತೆಂಟು ವರ್ಷ. ಒಂದೆರಡು ವರ್ಷ ಹೆಚ್ಚುಕಡಿಮೆ ಇರಬಹುದು, ನಾನು ಹುಟ್ಟಿದ್ದನ್ನು ನಮ್ಮಪ್ಪ ಎಲ್ಲೂ ಬರೆಸಿರಲಿಲ್ಲ. ಹದಿನಾಲ್ಕಕ್ಕೆ ಮರಾಠಿ ಗಡಿಯ ಜತ್ತಿನ ಹತ್ತಿರ, ವಳಸಂಗದ ಗಂಡನ ಮನೆಗೆ ನಡೆಯಲು ಬಂದೆ. ಬಂದು ಏಳು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಸಾಲಿ ಕಲಿತದ್ದು ಎರಡನೇ ಇಯತ್ತೆ. ನನ್ನ ಅಕ್ಷರ ದಪ್ಪ, ಸಾಲು ಓರೆ. ಹೇಳುವುದು ಮಾತ್ರ ನೇರವಾಗಿ ಹೇಳುತ್ತೇನೆ.

ಮನೆಯಲ್ಲಿ ಮೂವರು. ನಾನು, ಗಂಡ, ಅತ್ತೆ. ಅತ್ತೆ ಊರಿಗೆಲ್ಲ ಸೂಲಗಿತ್ತಿ. ಅದು ನಮ್ಮ ಮನೆತನದ ಕಸುಬಲ್ಲ, ನಮ್ಮದು ಒಕ್ಕಲುತನ. ಆದರೆ ಆಕೆಯ ಕೈಗುಣ ಚಲೋ ಇತ್ತು. ಯಾರದಾದರೂ ದಿನ ತುಂಬಿದರೆ ಹೊಲದಲ್ಲಿದ್ದರೂ ಕರೆ ಬರುತ್ತಿತ್ತು, ಕುಡುಗೋಲು ಅಲ್ಲೇ ಬಿಟ್ಟು ಹೋಗುತ್ತಿದ್ದಳು. ಮೂರನೇ ವರ್ಷದಿಂದ ನನ್ನನ್ನೂ ಕರೆದುಕೊಂಡು ಹೋಗತೊಡಗಿದಳು. ಮನೆಯಲ್ಲಿ ಮಗು ಇಲ್ಲದ ಸೊಸೆಗೆ ಪುರುಸೊತ್ತು ಇರುತ್ತದೆ.

ಹೆರಿಗೆ ಮಾಡಿಸುವುದು ಎಲ್ಲರಿಗೂ ಕಾಣುವ ಕೆಲಸ. ಅದಕ್ಕಿಂತ ಮುಂಚಿನದು ದೊಡ್ಡದು. ಮುಟ್ಟು ನಿಂತ ಹೆಂಗಸು ಬಂದರೆ ಅತ್ತೆ ಮೊದಲು ಆಕೆಯ ಗಂಟಲಿನ ಕುಣಿ ನೋಡುತ್ತಿದ್ದಳು. ಕುತ್ತಿಗೆಯ ಬುಡದಲ್ಲಿ ಎರಡು ಎಲುಬಿನ ನಡುವೆ ಒಂದು ತಗ್ಗು ಇದೆಯಲ್ಲ, ಬಸಿರಿದ್ದರೆ ಅಲ್ಲಿ ನಾಡಿ ಹಾರುತ್ತದೆ ಎಂದು ಆಕೆಯ ನಂಬಿಕೆ. ಆಮೇಲೆ ಮೊಲೆತೊಟ್ಟಿನ ಸುತ್ತಿನ ಕಪ್ಪು. ಯಾವ ವಾಸನೆ ಆಗುವುದಿಲ್ಲ, ಏನು ತಿನ್ನಬೇಕೆನಿಸುತ್ತದೆ ಎಂಬ ವಿಚಾರಣೆ. ಮೂರು ತಿಂಗಳು ತುಂಬಿದ ಮೇಲೆ ಕೈ. ಕೆಳಹೊಟ್ಟೆಯಲ್ಲಿ ಎಲುಬಿನ ಮೇಲೆ ಬೆರಳು ಒತ್ತಿದರೆ ಒಳಗೆ ಎಳೆ ಬದನೆಕಾಯಿಯಷ್ಟು ಗಟ್ಟಿ ಸಿಗುತ್ತದೆ. ಐದರಲ್ಲಿ ಅದು ಹೊಕ್ಕಳಿಗೆ ಬರುತ್ತದೆ. ಒಂಬತ್ತರಲ್ಲಿ ಎದೆಗೂಡಿಗೆ ತಾಗುತ್ತದೆ. ತಿಂಗಳಿಗೊಮ್ಮೆ ಮನೆಗೆ ಹೋಗಿ ಹೊಟ್ಟೆ ಹಿಡಿದು ನೋಡಿ ಬರುವುದು, ಕಾಲು ಬಾತಿದೆಯೇ ಎಂದು ಹೆಬ್ಬೆರಳಿಂದ ಒತ್ತುವುದು, ಒಲೆಯ ಮಣ್ಣು ತಿನ್ನುವವರನ್ನು ಬೈಯುವುದು, ತುಂಬಿದ ಕೊಡ ಹೊರುವುದನ್ನು ಬಿಡಿಸುವುದು. ಎರಡು ವರ್ಷಕ್ಕೆ ನನ್ನ ಕೈ ಅತ್ತೆಯ ಕೈಗಿಂತ ಚುರುಕಾಯಿತು. ಇದನ್ನು ನಾನಲ್ಲ, ಅತ್ತೆಯೇ ಹೇಳಿದ್ದು.

ಆದರೆ ಕೆಲವರು ನನ್ನನ್ನು ಮುಟ್ಟಗೊಡುತ್ತಿರಲಿಲ್ಲ. ಒಬ್ಬಾಕೆ ಚಾಪೆಯ ಮೇಲೆ ಮಲಗಿದವಳು ಎದ್ದು ಕೂತು ಅಂದಳು:

“ಸೊಸಿ ಕೈ ಬ್ಯಾಡ್ರಿ ಯಕ್ಕಾ. ಆಕಿ ಇನ್ನಾ ಹಡದಿಲ್ಲ.”

“ಬಡಿಗ್ಯಾ ಗಾಡಿ ಮಾಡತಾನ. ಅವನೇನ ಗಾಡಿ ಹಡದಾನ? ಸುಮ್ಮ ಮಲ್ಕೋ,” ಎಂದಳು ಅತ್ತೆ.

ಆಕೆ ನಗುತ್ತ ಮಲಗಿದಳು. ನಾನೂ ನಕ್ಕೆ. ಆದರೆ ದಾರಿಯಲ್ಲಿ ಅತ್ತೆ ಎರಡು ಸಲ ನನ್ನ ಮುಖ ನೋಡಿದಳು.

ಅತ್ತೆಗೆ ಒಂದು ಕಟ್ಟುಪಾಡಿತ್ತು. ತನ್ನ ಮನೆಯ ಹೊಟ್ಟೆ ತಾನು ಹಿಡಿಯುವುದಿಲ್ಲ. ಆಕೆಗೆ ಕಲಿಸಿದ ಮುದುಕಿ ಹಾಗೆ ಹೇಳಿಟ್ಟಿದ್ದಳಂತೆ. ಸ್ವಂತ ಮಗಳು ತವರಿಗೆ ಬಂದಾಗಲೂ ನಾಲ್ಕು ಹರದಾರಿ ದೂರದ ಇನ್ನೊಬ್ಬ ಸೂಲಗಿತ್ತಿಯನ್ನು ಕರೆಸಿ ತೋರಿಸಿದ್ದಳು. ಯಾಕ್ರಿ ಎಂದು ಕೇಳಿದರೆ, “ಮನಿಯೊಳಗ ಕೈ ಸುಳ್ಳ ಹೇಳತೈತಿ,” ಎಂದಿದ್ದಳು. ಅಷ್ಟೇ. ಮುದುಕರ ಹಟ ಎಂದುಕೊಂಡು ನಾನು ಸುಮ್ಮನಾಗಿದ್ದೆ.

ಆ ವರ್ಷ ಜೋಳ ಬಿತ್ತಿದ ಮೇಲೆ ನನ್ನ ಮುಟ್ಟು ನಿಂತಿತು. ನಮ್ಮದು ಕೊರಳಲ್ಲಿ ಲಿಂಗವಿರುವ ಮನೆತನ. ಮುಟ್ಟಾದವರು ಹೊರಗೆ ಕೂರುವ ಪದ್ಧತಿ ನಮ್ಮಲ್ಲಿಲ್ಲ. ಹೊರಗೆ ಕೂರುವ ಮನೆಗಳಲ್ಲಿ ಯಾರದು ಎಷ್ಟು ದಿನ ತಡವಾಯಿತೆಂದು ಓಣಿಗೆಲ್ಲ ಗೊತ್ತಾಗುತ್ತದೆ. ನಮ್ಮಲ್ಲಿ ನಾನು ಬಾಯಿ ಬಿಟ್ಟರೇ ಉಂಟು. ಒಂದು ತಿಂಗಳು ಬಿಡಲಿಲ್ಲ. ಎರಡು ತಿಂಗಳು ಬಿಡಲಿಲ್ಲ. ಹೇಳಿದರೆ ಎಲ್ಲಿ ಹೋಗಿಬಿಡುತ್ತದೋ ಎಂಬ ಹೆದರಿಕೆ. ಒಗ್ಗರಣೆಯ ವಾಸನೆಗೆ ವಾಂತಿ ಬರತೊಡಗಿತು. ಮೂರನೆಯದು ನಡೆಯುವಾಗ ಸಗಣಿ ತಟ್ಟುತ್ತ ಹೇಳಿದೆ.

“ಅತ್ತೀರಿ, ನನಗ ಮೂರರಾಗ ನಡದೈತಿ.”

ಅತ್ತೆ ಕೈ ತೊಳೆದುಕೊಂಡು ಬಂದಳು. ನನ್ನ ಗದ್ದ ಮೇಲೆತ್ತಿ ಗಂಟಲಿನ ಕುಣಿ ನೋಡಿದಳು. ಕಣ್ಣಿನಿಂದ ನೋಡಲು ಅಡ್ಡಿಯಿರಲಿಲ್ಲ, ಕೈ ಹಚ್ಚಬಾರದು ಅಷ್ಟೇ. ಬಹಳ ಹೊತ್ತು ನೋಡಿದಳು. ಮತ್ತೆ ಸಗಣಿ ತಟ್ಟಲು ಕೂತಳು. ಎರಡು ದಿನ ಬಿಟ್ಟು ಟ್ರಂಕಿನಿಂದ ಹಸಿರು ಖಣ ತೆಗೆದು ನನ್ನ ಮಡಿಲಿಗೆ ಹಾಕಿದಳು. ಆಕೆಯ ಕಣ್ಣು ಒದ್ದೆಯಾಗಿತ್ತು. ಆಕೆ ಅತ್ತದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

ಇದನ್ನು ನಮ್ಮ ಕಡೆ ಕಳ್ಳ ಕುಬಸ ಅನ್ನುತ್ತಾರೆ. ಏಳರಲ್ಲಿ ಊರನ್ನು ಕರೆದು ಮಾಡುವ ಸೀಮಂತ ದೊಡ್ಡ ಕುಬಸ. ಮೂರರಲ್ಲಿ ಆರತಿಯಿಲ್ಲ, ಹಾಡಿಲ್ಲ, ಊಟವಿಲ್ಲ. ಹಸಿರು ಖಣದ ಕುಬಸ ಹೊಲಿಸಿ, ದೃಷ್ಟಿಯಾಗದಂತೆ ಕದ್ದು ತೊಡಿಸುತ್ತಾರೆ. ಕದ್ದು ಎನ್ನುವುದು ಹೆಸರಿಗೆ ಮಾತ್ರ. ತೊಟ್ಟು ಬಾವಿಗೆ ಹೋದರೆ ಹಸಿರು ಬಣ್ಣ ಯಾರಿಗೂ ಕಾಣುವುದಿಲ್ಲವೇ?

ಹೊಲಿದವಳು ಪಕ್ಕದ ಮನೆಯವಳು. ಆಕೆಯ ಗಂಡ ದರ್ಜಿ, ಮುಸಲ್ಮಾನರು. ಗಂಡಸರ ಅಂಗಿ ಅವನು ಹೊಲಿದರೆ ಕುಬಸ ಈಕೆ ಹೊಲಿಯುತ್ತಿದ್ದಳು. ನಾನು ಆಕೆಯನ್ನು ಅವರ ಮಾತಿನಲ್ಲೇ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ಮೂವರನ್ನು ಹಡೆದಿದ್ದಳು, ನಾಲ್ಕನೆಯದಕ್ಕೆ ಐದು ತುಂಬಿತ್ತು. ಆ ಹೊಟ್ಟೆ ಮೊದಲಿನಿಂದ ಹಿಡಿದು ನೋಡುತ್ತಿದ್ದವಳು ನಾನೇ. ಖಣ ಕೈಗೆ ಕೊಟ್ಟಾಗ ಆಕೆ ಕಣ್ಣರಳಿಸಿದಳು.

“ಅರೆ! ಹಸರ?”

“ಸುಮ್ಮ ಹೊಲಿ.”

“ಸುಮ್ಮ ಹೊಲೀತೀನಿ ತಂಗಿ, ಬಾಯಿ ಹೊಲ್ಕೊಂಡಽ ಹೊಲೀತೀನಿ. ಅಳತಿ ಒಂದೀಟ ಸಡಲ ಇಡ್ಲಿ? ಮುಂದ ಎದಿ ತುಂಬತಾವ.”

“ಇಡು.”

ಎರಡು ಬೆರಳಷ್ಟು ಬಟ್ಟೆ ಒಳಗೆ ಬಿಟ್ಟು ಹೊಲಿದಳು. ತೊಟ್ಟಾಗ ಸಡಿಲ ಸಡಿಲ. ಆ ಸಡಿಲ ನನಗೆ ಎಷ್ಟು ಹಿತವಾಗಿತ್ತು ಎಂದು ಈಗ ಹೇಳಿದರೆ ನಗುತ್ತೀರಿ.

ಮರುದಿನ ಬಾವಿಯ ಕಟ್ಟೆಯ ಮೇಲೆ ಒಬ್ಬಾಕೆ, “ಏನವಾ, ನಿಮ್ಮ ಹೊಲದಾಗ ಏನರ ಬೆಳದೈತಂತ? ನನಗೇನ ಕಾಣಂಗಿಲ್ಲ ಬಿಡು, ನನ್ನ ಕಣ್ಣ ಮಂಜ,” ಎಂದಳು. ಉಳಿದವರು ಬಾಯಿಗೆ ಸೆರಗು ಹಿಡಿದು ನಕ್ಕರು. ನನ್ನ ಕೈ ಬೇಡ ಅಂದಿದ್ದಳಲ್ಲ, ಆಕೆಯೂ ಇದ್ದಳು. ಆಕೆ ನಗಲಿಲ್ಲ. ಮುಂದೆ ಬಂದು, “ನಮ್ಮ ಸಣ್ಣ ನೆಗೆಣ್ಣೀನೂ ಒಂದೀಟ ನೋಡ ಬಾರವಾ,” ಎಂದಳು. ಏಳು ವರ್ಷದಲ್ಲಿ ಆಕೆ ನನಗೆ ‘ಬಾರವಾ’ ಎಂದದ್ದು ಅದೇ ಮೊದಲು.

ಅತ್ತೆ ನನ್ನ ತಲೆಯ ಮೇಲಿನ ಕೊಡ ಇಳಿಸಿಕೊಂಡಳು. “ಇನ್ನ ನೀ ಹೊರೂದ ಬ್ಯಾಡ.” ನಾನು ಎಷ್ಟು ಮಂದಿಗೆ ಈ ಮಾತು ಹೇಳಿದ್ದೆ! ನನಗೆ ಒಬ್ಬರು ಹೇಳಿದಾಗ ಅದು ಬೇರೆಯೇ ಕೇಳಿಸಿತು. ಹಾಲಿನ ಕೆನೆ ನನ್ನ ರೊಟ್ಟಿಗೆ ಬರತೊಡಗಿತು. ಗಂಡ ಬಾಯಿಬಡುಕನಲ್ಲ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಒಂದು ಸಂಜೆ ಎತ್ತು ಕಟ್ಟುತ್ತ ಗೋಡೆಗೆ ಹೇಳುವವನಂತೆ ಕೇಳಿದ:

“ಏನರ ತಿನಬೇಕನಸ್ತೈತೇನು?”

“ಹಸಿ ಕಡ್ಲಿ.”

ಮರುದಿನ ಒಂದು ಹೊರೆ ಹಸಿ ಕಡಲೆ ಗಿಡ ಕಿತ್ತು ತಂದು ಅಂಗಳದಲ್ಲಿ ಒಗೆದ. ದನಕ್ಕೆ ತಂದನೋ ನನಗೋ ಎನ್ನುವಷ್ಟು. ಅತ್ತೆ ಬೈದಳು, “ಆಕಿ ಬಸರಿ ಅದಾಳೋ, ಎಮ್ಮಿ ಅಲ್ಲ.” ನಾನು ಅಂಗಳದಲ್ಲೇ ಕೂತು ಸುಲಿದು ಸುಲಿದು ತಿಂದೆ. ಬೆರಳ ತುದಿಯಲ್ಲಿ ಗಿಡದ ಹುಳಿ ಅಂಟಿತ್ತು. ಅವನು ಅಲ್ಲೇ ಕೂತು ನೋಡುತ್ತಿದ್ದ, ಕೆಲಸವಿಲ್ಲದಿದ್ದರೂ ಹಗ್ಗ ಹೊಸೆಯುತ್ತ. ನಾನು ಒಂದು ಕಾಯಿ ಸುಲಿದು ಅವನತ್ತ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ, “ನೀ ತಿನ್ನು,” ಎಂದ.

ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಏಳುವ ಮುಂಚೆ, ಕೌದಿಯೊಳಗೇ ನನ್ನ ಹೊಟ್ಟೆ ನಾನು ಹಿಡಿದು ನೋಡಿಕೊಳ್ಳುತ್ತಿದ್ದೆ. ಅತ್ತೆಯ ಕಟ್ಟುಪಾಡು ಗೊತ್ತಿತ್ತು. ಆದರೆ ಆಕೆ ತನ್ನ ಕೈಯ ಮಾತು ಹೇಳಿದ್ದು, ನನ್ನ ಕೈಯದಲ್ಲ ಎಂದುಕೊಂಡೆ. ಎಲುಬಿನ ಮೇಲೆ ನಾಲ್ಕು ಬೆರಳು ಒತ್ತಿದರೆ ಸಿಗುತ್ತಿತ್ತು. ದುಂಡಗೆ, ಬಿಗಿಯಾಗಿ. ಇದೆ. ಅಷ್ಟು ಗೊತ್ತಾದ ಮೇಲೆ ಎದ್ದು ದಿನದ ಕೆಲಸಕ್ಕೆ ಹತ್ತುತ್ತಿದ್ದೆ. ಎಳ್ಳಮಾಸಿ ಹಬ್ಬ ಬಂತು, ಹೊಲಕ್ಕೆ ಚರಗದ ಎಡೆ ಚೆಲ್ಲಿ ಬಂದೆವು. ಸಂಕ್ರಾಂತಿ ಬಂತು. ಸಿಕ್ಕದ್ದು ದಿನಕ್ಕೆ ದಿನ ಮೇಲೇರಬೇಕಿತ್ತು. ಏರಲಿಲ್ಲ. ಮೊದಲ ಬಸಿರು, ಹೊಟ್ಟೆ ಬಿಗಿ, ತಡವಾಗಿ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಇಂಥ ಮಾತು ಬೇರೆ ಹೆಂಗಸು ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಅತ್ತೆ ಆ ನಾಲ್ಕು ಹರದಾರಿ ದೂರದ ಸೂಲಗಿತ್ತಿಗೆ ಹೇಳಿ ಕಳಿಸಿದ್ದಳು. ಆಕೆ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡು ಮಲಗಿದ್ದಳು. ಬರುತ್ತಾಳೆ ಬರುತ್ತಾಳೆ ಎಂದು ದಿನ ಹೋದವು. ಕುಬಸ ತೊಟ್ಟು ನಲವತ್ತು ದಿನವಾದಾಗ ಅತ್ತೆ ನನ್ನ ಗಂಡನಿಗೆ ಅಂದಳು:

“ನಾಳೆ ಜತ್ತಿಗೆ ಬಾಜಾರಕ್ಕ ಹೊಂಟೀಯಲ್ಲ, ನಮ್ಮನ್ನೂ ಕರಕೊಂಡ ನಡಿ. ಸರಕಾರಿ ದವಾಖಾನಿಗೆ ನರ್ಸಬಾಯಿ ಬಂದಾಳಂತ, ಬಸರ ಹೆಣ್ಣಮಕ್ಕಳನ್ನ ನೋಡತಾಳಂತ.”

ನಸುಕಿನಲ್ಲೇ ಗಾಡಿ ಹೊರಟಿತು. ಬಸರಿ ಕೂರುತ್ತಾಳೆಂದು ಗಂಡ ಕೆಳಗೆ ಜೋಳದ ಕಣಕಿ ಹಾಸಿ ಮೇಲೆ ಎರಡು ಕೌದಿ ಮಡಿಸಿ ಹಾಕಿದ್ದ. ತಗ್ಗು ಬಂದಲ್ಲೆಲ್ಲ ಇಳಿದು ಎತ್ತಿನ ಮುಂದೆ ನಡೆಯುತ್ತಿದ್ದ, ಗಾಡಿ ಕುಲುಕಬಾರದೆಂದು. ನಾನು ಸೆರಗಿನ ಕೆಳಗೆ ಕೈಯಿಟ್ಟುಕೊಂಡೇ ಇದ್ದೆ. ಒಳಗೆ ಗಟ್ಟಿಯಾಗಿ ಸಿಗುತ್ತಿತ್ತು.

ದವಾಖಾನೆಯ ಹಿಂದಿನ ಕೋಣೆಯಲ್ಲಿ ನರ್ಸಬಾಯಿ. ಪಡಸಾಲೆಯಲ್ಲಿ ಹೆಂಗಸರ ಸಾಲು, ಅರ್ಧ ಮರಾಠಿ ಅರ್ಧ ಕನ್ನಡ. ನಮ್ಮ ಮುಂದಿನವಳಿಗೆ ಎಂಟು ತುಂಬಿತ್ತು. ನರ್ಸಬಾಯಿ ಒಂದು ಮರದ ಕೊಳವೆಯನ್ನು ಆಕೆಯ ಹೊಟ್ಟೆಗೆ ಇಟ್ಟು ಇನ್ನೊಂದು ತುದಿಗೆ ಕಿವಿ ಕೊಟ್ಟು, ಕೈಯಲ್ಲಿ ಗಡಿಯಾರ ಹಿಡಿದು ಕೇಳುತ್ತಿದ್ದಳು. ಬಾಗಿಲ ಸಂದಿನಿಂದ ಕಂಡಿತು. ಕೂಸಿನ ಎದೆ ಬಡಿಯುವುದು ಕೇಳುತ್ತದಂತೆ. ಅತ್ತೆ ನನ್ನ ಪಕ್ಕೆಗೆ ತಿವಿದು, “ನಿಂದೂ ಕೇಳ್ತಾಳ. ನನಗೂ ಒಂದೀಟ ಕೇಳಸ್ರಿ ಅಂತೀನಿ,” ಎಂದಳು.

ನರ್ಸಬಾಯಿ ಹೊರಗೆ ಬಂದು ನನ್ನ ಕೈಗೆ ಒಂದು ಸಣ್ಣ ಗಾಜಿನ ಬಾಟಲಿ ಕೊಟ್ಟಳು. ಮರಾಠಿ ಹೆಂಗಸು, ಕನ್ನಡ ಕಲೆಸಿ ಮಾತಾಡುತ್ತಿದ್ದಳು.

“ಇದರಾಗ ಒಂದೀಟ ಮೂತ್ರ ಹಿಡ್ಕೊಂಡ ಬಾ. ಉಳದದ್ದು ಅಲ್ಲೇ ಖಾಲಿ ಮಾಡು. ಆಮ್ಯಾಲ ಹೊಟ್ಟಿ ನೋಡತೀನಿ.”

ಹಿತ್ತಲಿಗೆ ಹೋದೆ. ನಸುಕಿನಿಂದ ತಡೆದುಕೊಂಡಿದ್ದೆ, ಬಹಳ ಹೊತ್ತು ಬೇಕಾಯಿತು. ಎದ್ದು ನಿಂತಾಗ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಒತ್ತಿದೆ. ಇನ್ನೂ ಒತ್ತಿದೆ. ಅಲ್ಲಿ ಏನೂ ಇರಲಿಲ್ಲ.

ಯಾವ ಹೆಂಗಸಿನ ಹೊಟ್ಟೆ ಹಿಡಿಯುವ ಮುಂಚೆಯೂ ನಾವು ಆಕೆಯನ್ನು ಮೊದಲು ಹಿತ್ತಲಿಗೆ ಕಳಿಸುತ್ತೇವೆ. ಮೂತ್ರ ತುಂಬಿದ ಚೀಲ ಕೈಗೆ ಥೇಟು ಬಸಿರಿನಂತೆ ಸಿಗುತ್ತದೆ. ಅತ್ತೆ ನನಗೆ ಕಲಿಸಿದ ಮೊದಲ ಪಾಠವೇ ಅದು. ನೂರು ಮಂದಿಗೆ ನಾನೇ ಹೇಳಿದ್ದೆ, ನನಗೆ ಮಾತ್ರ ಹೇಳಿಕೊಳ್ಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಆ ನಲವತ್ತು ದಿನ ಏಳುವ ಮುಂಚೆಯೇ ನೋಡಿಕೊಂಡೆ. ಹಿತ್ತಲಿಗೆ ಹೋಗಿ ಬಂದ ಮೇಲೆ ಒಂದು ದಿನವೂ ನೋಡಿಕೊಳ್ಳಲಿಲ್ಲ. ಯಾಕೆ ನೋಡಿಕೊಳ್ಳಲಿಲ್ಲ ಎಂದು ನನ್ನ ಕೈಗೆ ಗೊತ್ತು.

ಅಲ್ಲಿಂದಲೇ ವಾಪಸು ಹೋಗಬಹುದಿತ್ತು. ಹೋಗಲಿಲ್ಲ. ಬಾಟಲಿ ಹಿಡಿದುಕೊಂಡು ಒಳಗೆ ಹೋಗಿ ಮೇಜಿನ ಮೇಲೆ ಮಲಗಿದೆ. ನನ್ನ ಕೈ ಒಮ್ಮೆ ಸುಳ್ಳು ಹೇಳಿತ್ತು. ಈಗಲೂ ಸುಳ್ಳೇ ಹೇಳಿರಬಾರದೇಕೆ? ಅಷ್ಟು ಆಸೆ ಉಳಿದಿತ್ತು.

ನರ್ಸಬಾಯಿ ಮೇಲೆ ಒತ್ತಿ ನೋಡಿದಳು, ಒಳಗೂ ನೋಡಿದಳು. ಕೊಳವೆ ಗೋಡೆಗೆ ತೂಗಿಹಾಕಿದ್ದು ಹಾಗೇ ಇತ್ತು, ಅದನ್ನು ಮುಟ್ಟಲಿಲ್ಲ. ಆಮೇಲೆ ನನ್ನ ಕಣ್ಣಿನ ಕೆಳರೆಪ್ಪೆ ಹೆಬ್ಬೆರಳಿಂದ ಕೆಳಗೆಳೆದಳು.

“ಬಾಯಿ, ಗರ್ಭ ಇಲ್ಲ. ರಕ್ತ ಇಲ್ಲ ನಿನ್ನ ಮೈಯಾಗ, ಅದಕ್ಕ ಮುಟ್ಟ ನಿಂತೈತಿ.”

“ವಾಂತಿ ಆಗ್ತಿತ್ತಲ್ರಿ?”

“ಮನಸ್ಸಿಗೆ ಭಾಳ ಬೇಕಾದ್ರ ವಾಂತಿನೂ ಬರತೈತಿ.”

ನಾನು ಎದ್ದು ಕೂತೆ. ಅಳು ಬರಲಿಲ್ಲ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. “ನಾನೂ ಹೊಟ್ಟಿ ಹಿಡಿಯಾಕೀನಽ ಅದೀನ್ರಿ. ನಮ್ಮೂರಾಗ ಎಲ್ಲಾರದೂ ನಾನಽ ನೋಡತೀನಿ,” ಅಂದೆ. ಯಾಕೆ ಅಂದೆನೋ. ಆಕೆ ನಗಬಹುದು ಎಂದುಕೊಂಡಿದ್ದೆ. ನಗಲಿಲ್ಲ. ಕಿಟಕಿಯಲ್ಲಿದ್ದ ಸಣ್ಣ ಕನ್ನಡಿ ತಂದು ನನ್ನ ಕೈಗೆ ಕೊಟ್ಟಳು.

“ಹಂಗಾರ ಇದನ್ನ ಕಲಿ. ಇಲ್ಲಿ ಒಳಗ ಕೆಂಪ ಇರಬೇಕು. ನಿಂದ ನೋಡು.”

ನೋಡಿದೆ. ಸುಣ್ಣ ಬಳಿದ ಗೋಡೆಯಂತಿತ್ತು. ಆಕೆ ತನ್ನ ಕಣ್ಣನ್ನೂ ಎಳೆದು ತೋರಿಸಿದಳು, ಒಳಗೆ ಹಣ್ಣು ಸೀಳಿದಂತೆ ಕೆಂಪು. ಕರಿ ಗುಳಿಗೆಗಳ ಒಂದು ಪುಡಿಕೆ ಕಟ್ಟಿ ಕೊಟ್ಟು, ದಿನಕ್ಕೊಂದು, ಎರಡು ತಿಂಗಳು, ಜೊತೆಗೆ ಮೆಂತ್ಯ, ರಾಜಗಿರಿಯಂಥ ತಪ್ಪಲುಪಲ್ಯೆ ಎಂದಳು. “ರಕ್ತ ಬಂದ ಮ್ಯಾಲ ಮುಟ್ಟ ಬರತೈತಿ. ಮುಂದಿಂದ ಆಮ್ಯಾಲ ನೋಡೂಣು.”

ಮುಂದಿನದೂ ಆಗಲಿಲ್ಲ. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಕೊನೆಯ ತನಕ ಕಾಯಬೇಡಿ. ನಾನು ಹಡೆಯಲಿಲ್ಲ.

ಹೊರಗೆ ಅತ್ತೆ ಎದ್ದು ನಿಂತಿದ್ದಳು. ನನ್ನ ಮುಖ ನೋಡಿ ಮತ್ತೆ ಕೂತಳು.

“ಇಲ್ಲ?”

“ಇಲ್ರಿ.”

ಗಂಡ ಬಾಜಾರ ಮುಗಿಸಿ ಬಂದ. ಅತ್ತೆ ಅವನಿಗೆ ಮೂರು ಮಾತಿನಲ್ಲಿ ಹೇಳಿದಳು. ಅವನು ಗಾಡಿಗೆ ಎತ್ತು ಹೂಡಿದ. ಬರುವಾಗಲೂ ತಗ್ಗು ಬಂದಲ್ಲಿ ಇಳಿದು ಎತ್ತಿನ ಮುಂದೆ ನಡೆದ. ಈಗ ಯಾಕೆ ಇಳಿಯುತ್ತೀರಿ ಎಂದು ನಾನು ಕೇಳಲಿಲ್ಲ.

ಅರ್ಧ ದಾರಿಯಲ್ಲಿ ನಾನೇ ಬಾಯಿ ಬಿಟ್ಟೆ. “ಅತ್ತೀರಿ, ನಿಮಗ ಗೊತ್ತಿತ್ತೇನ್ರಿ?”

ಅತ್ತೆ ಹೊರಗೆ ಜೋಳದ ಹೊಲದ ಕಡೆ ಮುಖ ತಿರುಗಿಸಿದಳು. “ಕುಣಿಯೊಳಗ ನಾಡಿ ಹಾರತಿದ್ದಿಲ್ಲ,” ಎಂದಳು. “ನಾಳೆ ಹಾರತೈತಿ, ನಾಡದ ಹಾರತೈತಿ ಅಂತ ನೋಡ್ಕೋತ ಕುಂತೆ. ನಾ ಕೈಗೆ ಹೇಳಿದ್ನಿ, ಮನಿ ಹೊಟ್ಟಿ ಮುಟ್ಟಬ್ಯಾಡ ಅಂತ. ಕಣ್ಣಿಗೆ ಹೇಳೂದ ಬಿಟ್ಟಿದ್ನಿ.”

ನಾನು ಆಕೆಯನ್ನು ಬೈಯಬೇಕೆಂದಿದ್ದೆ. ಬೈಯಲಿಲ್ಲ. ಆಕೆಯ ಆಸೆ ನನ್ನದಕ್ಕಿಂತ ಸಣ್ಣದಿರಲಿಲ್ಲ.

ಮನೆಗೆ ಬಂದು ಕುಬಸ ಬಿಚ್ಚಿ, “ಇದನ್ನೇನ ಮಾಡ್ಲಿ?” ಅಂದೆ. ಬಸಿರು ಸುಳ್ಳಾದರೆ ಕಳ್ಳ ಕುಬಸ ಏನು ಮಾಡಬೇಕೆಂಬುದಕ್ಕೆ ಯಾವ ಪದ್ಧತಿಯೂ ಇರಲಿಲ್ಲ. ಅತ್ತೆ ಅದನ್ನು ಮಡಿಸಿ ಹಲಗೆಯ ಮೇಲಿಟ್ಟು, “ಹೊಲಕ್ಕ ಹಾಕ್ಕೋ. ಅರಿವಿ ಏನ ತಪ್ಪ ಮಾಡೇತಿ,” ಎಂದಳು. ಮುಂದೆ ಅದು ಹರಿಯುವ ತನಕ ಹೊಲಕ್ಕೆ ತೊಟ್ಟೆ.

ಈ ಐವತ್ತೆಂಟು ವರ್ಷದಲ್ಲಿ ನನ್ನ ಕೈಯ ಕೆಳಗೆ ಎಷ್ಟೋ ಕೂಸುಗಳು ಹೊರಳಿದವು. ಅವರ ಮಕ್ಕಳ ಹೊಟ್ಟೆಯನ್ನೂ ನಾನೇ ನೋಡಿದೆ. ಮಕ್ಕಳಿಲ್ಲವೆಂದು ಮರುಗುತ್ತೀಯಾ ಎಂದು ಕೇಳುತ್ತಾರೆ. ಇಲ್ಲದ ಮಗುವಿಗೆ ಮುಖವಿಲ್ಲ, ಅದಕ್ಕೆ ಹೇಗೆ ಮರುಗಲಿ? ನನಗೆ ಬೇಕೆನಿಸುವುದು ಆ ನಲವತ್ತು ದಿನ. ಸುಳ್ಳಾದರೂ ಇರಲಿ, ಆ ಸಡಿಲ ಕುಬಸ, ತಲೆಯಿಂದ ಯಾರೋ ಇಳಿಸಿಕೊಂಡ ಕೊಡ, ಅಂಗಳದಲ್ಲಿ ಕಡಲೆಯ ಹೊರೆ, ಹಗ್ಗ ಹೊಸೆಯುತ್ತ ನನ್ನನ್ನೇ ನೋಡುತ್ತ ಕೂತ ಗಂಡ. ಅವನು ಹೋಗಿ ಹನ್ನೆರಡು ವರ್ಷವಾಯಿತು. ನಮ್ಮ ಸಂಸಾರ ಕೆಟ್ಟದ್ದಾಗಿರಲಿಲ್ಲ. ಆದರೆ ಅವನು ಹಾಗೆ ಕೂತು ನೋಡಿದ್ದು ಆಗ ಒಮ್ಮೆ ಮಾತ್ರ. ಈಗಲೂ ಹಸಿ ಕಡಲೆಯ ದಿನ ಬಂದರೆ ನನಗೆ ಅಂ‌ಗಳದಲ್ಲಿ ಕೂರಬೇಕೆನಿಸುತ್ತದೆ. ಕೂರುತ್ತೇನೆ ಕೂಡ. ಹಲ್ಲಿಲ್ಲ, ತಿನ್ನಲಾರೆ.

ಜತ್ತಿನಿಂದ ಬಂದ ಮರುದಿನ ಬೆಳಿಗ್ಗೆ ಹಳೆಯ ಕುಬಸ ತೊಟ್ಟು, ಔಡಲೆಣ್ಣೆ ಬೆಚ್ಚಗೆ ಮಾಡಿಕೊಂಡು ಆಪಾಳ ಮನೆಗೆ ಹೋದೆ. ಆಕೆಗೆ ಏಳು ಹತ್ತಿರ ಬಂದಿತ್ತು, ಹೊಟ್ಟೆ ನೋಡಿ ತಿಂಗಳಾಗಿತ್ತು. ಆಕೆ ಮೊದಲು ನನ್ನ ಕುಬಸ ನೋಡಿದಳು, ಆಮೇಲೆ ಮುಖ.

“ಯಾ ಅಲ್ಲಾ. ಇಲ್ಲೇನ ತಂಗಿ?”

“ಇಲ್ಲ.”

ಆಕೆ ಸೆರಗೆಳೆದು ತನ್ನ ಹೊಟ್ಟೆ ಮುಚ್ಚಿಕೊಂಡಳು. ನನ್ನ ಕೈಗೆ ಹೆದರಿ ಅಲ್ಲ. ನನ್ನೆದುರಿಗೆ ತುಂಬಿದ ಹೊಟ್ಟೆ ಇಟ್ಟುಕೊಂಡು ಕೂರಲು ಆಕೆಗೆ ನಾಚಿಕೆಯಾಯಿತು.

“ಯಾಕ ಮುಚ್ಚತಿ? ಹಿತ್ತಲಕ್ಕ ಹೋಗಿ ಬಂದ ಮಲ್ಕೋ,” ಅಂದೆ.

ಹೋಗಿ ಬಂದು ಮಲಗಿದಳು. ಎಣ್ಣೆ ಹಚ್ಚಿ ಹೊಟ್ಟೆ ಹಿಡಿದೆ. ಹೊಕ್ಕಳ ಮೇಲೆ ಮೂರು ಬೆರಳು, ಸರಿಯಾಗಿತ್ತು. ಕೂಸು ನನ್ನ ಅಂಗೈಗೆ ಒಮ್ಮೆ ಒದೆಯಿತು. ಕೈ ತೆಗೆಯಲಿಲ್ಲ, ಇನ್ನೊಮ್ಮೆ ಒದೆಯುವ ತನಕ ಇಟ್ಟುಕೊಂಡೆ. ಆಮೇಲೆ ಆಕೆಯ ಕಣ್ಣಿನ ಕೆಳರೆಪ್ಪೆ ಹೆಬ್ಬೆರಳಿಂದ ಎಳೆದು ನೋಡಿದೆ. ಒಳಗೆ ನನ್ನಂತೆಯೇ ಬಿಳಿ. ಸೆರಗಿನ ಗಂಟು ಬಿಚ್ಚಿ ಕರಿ ಗುಳಿಗೆಗಳ ಅರ್ಧ ಪಾಲು ಆಕೆಯ ಕೈಗೆ ಹಾಕಿ, “ದಿನಾ ಒಂದು,” ಅಂದೆ. ಉಳಿದ ಅರ್ಧ ನಾನೇ ಕಟ್ಟಿಕೊಂಡೆ. ಅದರಲ್ಲಿ ಒಂದನ್ನು ಅಲ್ಲೇ ನಿಂತು, ನೀರಿಲ್ಲದೆ, ನುಂಗಿದೆ.